ಇಪ್ಪತ್ತೊಂದು ಮಂದಿ ಬರೋದಿಲ್ಲ ಅಂದದ್ದು

ಬರ್ನೀಸ್ ಕುಜಾವಾ ನಗುವುದೇ ಅಪರೂಪ. ನಕ್ಕಳೆಂದರೆ ಕಂಪನಿಯಲ್ಲಿ ಯಾರಿಗೋ ಗ್ರಹಚಾರ ಕಾದಿದೆ ಎಂದೇ ಅರ್ಥ. ಆ ಮಂಗಳವಾರ ಊಟದ ಬಿಡುವಿನಲ್ಲಿ, ಕ್ಯಾಂಟೀನಿನ ಮೂಲೆಯಲ್ಲಿ ಕೂತು ಆಕೆ ಒಂದು ಹಾಳೆಯನ್ನು ಎರಡು ಸಲ ಓದಿದಳು. ಕನ್ನಡಕ ತೆಗೆದು ಒರೆಸಿ ಮೂರನೇ ಸಲ ಓದಿದಳು. ಆಮೇಲೆ ಎಷ್ಟು ಗಟ್ಟಿಯಾಗಿ ನಕ್ಕಳೆಂದರೆ ಪಕ್ಕದ ಮೇಜಿನಲ್ಲಿ ಇಸ್ಪೀಟು ಆಡುತ್ತಿದ್ದವರು ಎಲೆ ಕವುಚಿಟ್ಟು ತಿರುಗಿ ನೋಡಿದರು.

"ಯಾಕೆ ಮಿಸ್ ಬರ್ನೀಸ್, ಏನಾಯ್ತು?" ಎಂದು ಎದುರಿಗೆ ಕೂತಿದ್ದ ಮೊನೀಕ್ ಟಾಲಿವರ್ ಗಾಬರಿಯಿಂದ ಕೇಳಿದಳು. ಹಾಳೆ ಅವಳದೇ, ಕಂಪನಿ ಕೊಟ್ಟ ಬಿಡುಗಡೆ ಪತ್ರ.

ಮೊನೀಕ್ ಬೇ ಸಿಟಿಯ ಈ ಆಕ್ಸಲ್ ಕಾರ್ಖಾನೆಯಲ್ಲಿ ನಾಲ್ಕು ವರ್ಷದಿಂದ ಹೊಸಬಳು. ಟೆಂಪರರಿ ಕೆಲಸಗಾರರು ಬಿಡದೆ ನೂರಿಪ್ಪತ್ತು ಪಾಳಿ ಮುಗಿಸಿದರೆ ಅವರನ್ನು ಕಾಯಂ ಮಾಡಬೇಕು ಎಂದು ಒಪ್ಪಂದದಲ್ಲಿದೆ. ಕಂಪನಿಗೂ ಎಣಿಸಲು ಬರುತ್ತದೆ. ನೂರಹತ್ತೊಂಬತ್ತು ಆದ ಕೂಡಲೇ ಅವಳ ಲೆಕ್ಕ ಚುಕ್ತಾ ಮಾಡಿ ಮನೆಗೆ ಕಳಿಸುತ್ತಾರೆ, ಎರಡು ದಿನ ಬಿಟ್ಟು ಹೊಸದಾಗಿ ಸೇರಿಸಿಕೊಳ್ಳುತ್ತಾರೆ. ಸೇರಿಸಿಕೊಂಡಾಗಲೆಲ್ಲ 'ನಮ್ಮ ಕುಟುಂಬಕ್ಕೆ ಸ್ವಾಗತ' ಎಂದು ಅಚ್ಚು ಹಾಕಿದ ಕಾಫಿ ಲೋಟವನ್ನೂ ಕೊಡುತ್ತಾರೆ. ಮೊನೀಕಳ ಅಡುಗೆಮನೆಯಲ್ಲಿ ಅಂಥ ಏಳು ಲೋಟಗಳಿದ್ದವು. ಒಂದೇ ಕುಟುಂಬದಲ್ಲಿ ಏಳು ಸಲ ಹುಟ್ಟಿದವಳು ಇಡೀ ಮಿಷಿಗನ್ನಿನಲ್ಲಿ ಅವಳೊಬ್ಬಳೇ ಇರಬೇಕು.

ಪ್ರೆಸ್ ಯಂತ್ರದ ಒಂದು ಬದಿಯಲ್ಲಿ ನಿಂತು ಬೇರಿಂಗ್ ಕೂರಿಸಲು ಅವಳಿಗೆ ಗಂಟೆಗೆ ಹದಿನೇಳು ಡಾಲರ್. ಇನ್ನೊಂದು ಬದಿಯಲ್ಲಿ ಅದೇ ಬೇರಿಂಗನ್ನು ಅದೇ ಆಕ್ಸಲ್ಲಿಗೆ ಕೂರಿಸುವ ಕಾಯಂ ಕೆಲಸಗಾರನಿಗೆ ಮೂವತ್ತನಾಲ್ಕು. ಆಕ್ಸಲ್ಲಿಗೆ ಮಾತ್ರ ಈ ಭೇದ ತಿಳಿಯದು, ಎರಡೂ ಕಡೆ ಒಂದೇ ಸಮ ತಿರುಗುತ್ತದೆ.

ಯೂನಿಯನ್ ಪ್ರತಿನಿಧಿಯಾದ ಬರ್ನೀಸ್ ಈ ವಿಷಯ ಬಂದಾಗಲೆಲ್ಲ ಮುಖ ತಿರುಗಿಸುತ್ತಿದ್ದಳು. ಕಾರಣವಿತ್ತು. ಹನ್ನೆರಡು ವರ್ಷದ ಹಿಂದೆ, ಕಾರಿನ ಕಂಪನಿಗಳು ಒಂದಾದ ಮೇಲೊಂದು ಹಾಸಿಗೆ ಹಿಡಿದಿದ್ದಾಗ, ಟೆಂಪರರಿಗಳನ್ನು ಅರ್ಧ ಕೂಲಿಗೆ ಇಟ್ಟುಕೊಳ್ಳಬಹುದು ಎಂಬ ಕಲಮಿಗೆ ಯೂನಿಯನ್ ಸಭಾಂಗಣದಲ್ಲಿ ಅವಳೂ ಕೈ ಎತ್ತಿದ್ದಳು. ಉದ್ಯಮ ಉಳಿದರೆ ತಾನೇ ನಾವು ಉಳಿಯುವುದು ಎಂದು ಎದ್ದು ನಿಂತು ಭಾಷಣವನ್ನೂ ಮಾಡಿದ್ದಳು. ರೋಗಿ ಎರಡೇ ವರ್ಷದಲ್ಲಿ ಎದ್ದು ಕೂತ, ಮೂರನೇ ವರ್ಷ ಹಬ್ಬದೂಟ ಉಂಡ, ನಾಲ್ಕನೇ ವರ್ಷ ಫ್ಲಾರಿಡಾದಲ್ಲಿ ದೋಣಿ ಕೊಂಡ. ಪಥ್ಯ ಮಾತ್ರ ಆರೈಕೆ ಮಾಡಿದವರಿಗೇ ಉಳಿಯಿತು. ಆ ಎತ್ತಿದ ಕೈಯ ನಾಚಿಕೆ ಬರ್ನೀಸಳನ್ನು ಇವತ್ತಿಗೂ ಬಿಟ್ಟಿರಲಿಲ್ಲ.

ಈಗ ಅವಳು ಹಾಳೆಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. "ನೋಡು ಹುಡುಗಿ. ನಿನ್ನ ನೂರಹತ್ತೊಂಬತ್ತನೇ ಪಾಳಿ ಯಾವತ್ತು?"

"ನಾಡಿದ್ದು ಗುರುವಾರ, ಹದಿನಾಲ್ಕಕ್ಕೆ."

"ಇದ್ರಲ್ಲಿ ನಿನ್ನ ಸೇವೆ ಮುಗಿಯೋದು ಯಾವತ್ತು ಅಂತ ಬರೆದಿದ್ದಾನೆ?"

"ಹದಿನೈದು, ಶುಕ್ರವಾರ ರಾತ್ರಿ." ಮೊನೀಕ್ ಭುಜ ಹಾರಿಸಿದಳು. "ಅದಕ್ಕೇನೀಗ? ಶುಕ್ರವಾರ ಯಾರೂ ಕೆಲಸ ಮಾಡಲ್ವಲ್ಲ."

ಅದೇ ಕುಶಾಲು. ನವೆಂಬರ್ ಹದಿನೈದು ಜಿಂಕೆ ಬೇಟೆ ಶುರುವಾಗುವ ದಿನ. ಈ ಸೀಮೆಯಲ್ಲಿ ಕ್ರಿಸ್ಮಸ್ಸಿಗಾದರೂ ಯಾರಾದರೂ ಕೆಲಸಕ್ಕೆ ಬಂದಾರು, ಹದಿನೈದಕ್ಕೆ ಬರುವುದಿಲ್ಲ. ಅದಕ್ಕೇ ಅದು ಒಪ್ಪಂದದಲ್ಲೇ ಬರೆದ ರಜೆ. ಎಚ್ಆರ್ ವಿಭಾಗದ ಡ್ವೈಟ್ ಹ್ಯಾವರ್‌ಕ್ಯಾಂಪ್ ಕೂಡ ಇದೇ ಮಣ್ಣಿನ ಮಗ. ಕಾಡಿಗೆ ಹೊರಡುವ ಅವಸರದಲ್ಲಿ, ವಾರದ ಲೆಕ್ಕ ಒಂದೇ ಸಲ ಮುಗಿಯಲಿ, ಹೇಗೂ ರಜೆ ತಾನೇ ಎಂದು, ಅವಳ ಸೇವೆಯನ್ನು ಗುರುವಾರಕ್ಕೆ ಮುಗಿಸುವ ಬದಲು ಶುಕ್ರವಾರಕ್ಕೆ ಎಂದು ಬರೆದು, ರುಜು ಹಾಕಿ, ಹತ್ತು ದಿನದ ರಜೆಯ ಮೇಲೆ ಮೊದಲೇ ಜಾಗ ಹಿಡಿಯಲು ಮರ ಹತ್ತಿ ಕೂತಿದ್ದ. ಹದಿನೈದಕ್ಕೂ ಒಬ್ಬರು ಕೆಲಸ ಮಾಡಬಹುದು ಎಂಬ ಯೋಚನೆ ಈ ಊರಿನವನ ತಲೆಗೆ ಹೊಳೆಯುವುದು ಸಾಧ್ಯವೇ ಇರಲಿಲ್ಲ.

ಆದರೆ ಕಾರ್ಖಾನೆಯ ಹೊಸ ಮ್ಯಾನೇಜರು ಟೆಕ್ಸಸ್ಸಿನಿಂದ ಬಂದವನು. ಟ್ರಕ್ಕಿನ ಕಾರ್ಖಾನೆಯವರು ತುರ್ತಾಗಿ ಇನ್ನೂರು ಆಕ್ಸಲ್ ಬೇಕೆಂದು ಸೋಮವಾರ ಫೋನ್ ಮಾಡಿದಾಗ, ಶುಕ್ರವಾರ ಪ್ರೆಸ್ಸಿನ ಮೇಲೆ ಒಬ್ಬರನ್ನು ನಿಲ್ಲಿಸಿದರಾಯಿತು ಎಂದುಬಿಟ್ಟಿದ್ದ. ಒಬ್ಬರು ಸಾಕು.

"ಗುರುವಾರ ಮೂರು ಗಂಟೆಯಿಂದ ಫೋನು ಕೈಯಲ್ಲೇ ಇಟ್ಕೋ" ಎಂದು ಬರ್ನೀಸ್ ಹಾಳೆ ಮಡಿಸಿ ಕೊಟ್ಟಳು. "ಬೇರೇನೂ ಕೇಳಬೇಡ."

ರಜೆಯ ದಿನದ ಓಟಿ ಯಾರಿಗೆ ಬೇಕಾದರೆ ಅವರಿಗೆ ಕೊಡುವಂತಿಲ್ಲ. ವಿಭಾಗದ ಇಪ್ಪತ್ತೊಂದು ಕಾಯಂ ಕೆಲಸಗಾರರನ್ನೂ ಮೊದಲು ಕೇಳಬೇಕು. ಅತಿ ಕಡಿಮೆ ಓಟಿ ಮಾಡಿದವರು ಪಟ್ಟಿಯ ಮೇಲೆ, ಅತಿ ಹೆಚ್ಚು ಮಾಡಿದವರು ಕೆಳಗೆ. ಇಪ್ಪತ್ತೊಂದು ಜನವೂ ಒಲ್ಲೆ ಎಂದರೆ ಆಗ ಟೆಂಪರರಿ, ಅಂದರೆ ಮೊನೀಕ್. ಅವಳು ಬಂದು ಶುಕ್ರವಾರ ಪಂಚ್ ಮಾಡಿದರೆ ಅದು ನೂರಿಪ್ಪತ್ತು.

ಹದಿನಾರು ಮಂದಿಯ ಚಿಂತೆ ಇರಲಿಲ್ಲ. ಅವರ ಹೆಂಡಿರು ಹೆರಿಗೆಗೆ ಹೋದರೂ ಅವರು ಕಾಡಿಗೇ ಹೋಗುವವರು. ಇನ್ನು ಬೇಟೆಯಾಡದ ನಾಲ್ವರನ್ನು ಬರ್ನೀಸ್ ಬುಧವಾರದೊಳಗೆ ಒಲಿಸಿಕೊಂಡಳು. ಒಬ್ಬನಿಗೆ ತಾನೇ ಮಾಡಿದ ಸಾಸೇಜು, ಒಬ್ಬಳಿಗೆ ಎರಡು ಭರಣಿ ಬೀಟ್ರೂಟ್ ಉಪ್ಪಿನಕಾಯಿ, ಮೂರನೆಯವನಿಗೆ ಇಸ್ಪೀಟಿನಲ್ಲಿ ಮೂರು ವಾರ ಬೇಕಂತಲೇ ಸೋಲುವ ಮಾತು. ನಾಲ್ಕನೆಯವಳು ಮೊನೀಕಳ ಹೆಸರು ಕೇಳಿದ್ದೇ ತಡ, ಲಂಚ ಏನೂ ಬೇಡ ಎಂದಳು.

ಉಳಿದವನು ಎಲ್ಮರ್ ವೈಸ್.

ಮೂವತ್ತೊಂದು ವರ್ಷದಲ್ಲಿ ಎಲ್ಮರ್ ಒಂದೇ ಒಂದು ಓಟಿಗೂ ಬೇಡ ಅಂದವನಲ್ಲ. ಮಗಳ ಮದುವೆಯ ಬೆಳಿಗ್ಗೆಯೂ ಸೂಟಿನ ಮೇಲೆ ಏಪ್ರನ್ ಕಟ್ಟಿಕೊಂಡು ಅರ್ಧ ಪಾಳಿ ಮಾಡಿ ಹೋಗಿದ್ದ. ಜಿಂಕೆ ಎಂದರೆ ಅವನಿಗೆ ಹಿತ್ತಲಿಗೆ ಬಂದು ಸೇಬು ತಿಂದು ಹೋಗುವ ಪ್ರಾಣಿ, ಅಷ್ಟೇ. ಪಟ್ಟಿಯಲ್ಲಿ ಅವನು ಯಾವಾಗಲೂ ಕಟ್ಟಕಡೆಯವನು, ಆದರೂ ಪಂಕ್ತಿಯ ಕೊನೆಯಲ್ಲಿ ಕೂತು ಹೆಚ್ಚು ಬಡಿಸಿಕೊಳ್ಳುವವನೂ ಅವನೇ.

"ಎಲ್ಮರ್, ನಾಳೆ ಫೋರ್‌ಮನ್ ರಸ್ ಫೋನ್ ಮಾಡ್ತಾನೆ. ಆಗಲ್ಲ ಅನ್ನು" ಎಂದಳು ಬರ್ನೀಸ್.

"ಯಾಕೆ?" ಎಲ್ಮರ್ ಬೇಯಿಸಿದ ಮೊಟ್ಟೆಯ ಸಿಪ್ಪೆ ಸುಲಿಯುತ್ತಿದ್ದ.

"ನೀನು ಬರದಿದ್ರೆ ಮೊನೀಕ್‌ನ ಕರೀಬೇಕಾಗುತ್ತೆ. ಬಂದ್ರೆ ಅವಳು ಕಾಯಂ."

"ನಾನು ಬಂದ್ರೆ ನಂಗೆ ಡಬಲ್ ಕೂಲಿ."

"ಒಂದು ದಿನದ ಡಬಲ್ ಕಣೋ ಜಿಪುಣಾ! ಅವಳಿಗೆ ಇದು ಜೀವನದ ಪ್ರಶ್ನೆ."

"ನಾನು ಯಾರಿಗೂ ಕೆಟ್ಟದ್ದು ಬಯಸೋನಲ್ಲ ಬರ್ನೀಸ್. ಆದ್ರೆ ಡಬಲ್ ಅಂದ್ಮೇಲೆ ಬೇಡ ಅನ್ನೋಕೆ ನನ್ನ ನಾಲಿಗೆ ಹೊರಳಲ್ಲ. ಅಭ್ಯಾಸ ಇಲ್ಲ."

"ಹಾಗಾದ್ರೆ ಫೋನೇ ಎತ್ತಬೇಡ."

"ರಿಂಗಾದ್ರೆ ಕೈ ತಾನಾಗೇ ಹೋಗುತ್ತೆ."

ಸಾಸೇಜು ಎಂದಳು. ಎಲ್ಮರ್ ತಲೆಯಾಡಿಸಿದ. ಚಳಿಗಾಲ ಮುಗಿಯುವವರೆಗೆ ನನ್ನ ಹಿಮ ತಳ್ಳುವ ಯಂತ್ರ ನೀನೇ ಇಟ್ಟುಕೋ ಎಂದಳು. ಎಲ್ಮರ್ ಮೊಟ್ಟೆ ಕೆಳಗಿಟ್ಟು ಸ್ವಲ್ಪ ಹೊತ್ತು ನಿಜವಾಗಿ ಯೋಚಿಸಿದ. "ಪೆಟ್ರೋಲು ನಿಂದೋ ನಂದೋ?" ಎಂದು ಕೇಳಿದ. ಬರ್ನೀಸ್ ಎದ್ದು ಹೋದಳು.

ಗುರುವಾರ ಮೂರು ಗಂಟೆಗೆ ಫೋರ್‌ಮನ್ ರಸ್ ಬೋಮನ್ ತನ್ನ ಗಾಜಿನ ಕೋಣೆಯಲ್ಲಿ ಫೋನಿನ ಮುಂದೆ ಕೂತ. ಗೋಡೆಗೆ ಅವನ ಬಂದೂಕಿನ ಪೆಟ್ಟಿಗೆ ಒರಗಿತ್ತು. ಭಾವಮೈದುನ ಆಗಲೇ ಕಾಡು ಸೇರಿ ಒಳ್ಳೆಯ ಜಾಗ ಹಿಡಿದಿರುತ್ತಾನೆ ಎಂಬ ಸಂಕಟಕ್ಕೆ ರಸ್ ಕೂತಲ್ಲಿ ಕೂರಲಾರ. ಎದುರಿಗೆ ಸಾಕ್ಷಿಯಾಗಿ ಬರ್ನೀಸ್. ಫೋನಿನ ಮಾತು ಇಬ್ಬರಿಗೂ ಕೇಳುವಂತಿರಬೇಕು, ಸಾಕ್ಷಿ ನಡುವೆ ಬಾಯಿ ಹಾಕಕೂಡದು, ಹೇಳಿದ್ದನ್ನು ಗಳಿಗೆ ಸಮೇತ ಬರೆದು ಇಬ್ಬರೂ ರುಜು ಮಾಡಬೇಕು. ಇದು ನಿಯಮ.

ಮೊದಲನೆಯವನ ಹೆಂಡತಿ ಎತ್ತಿದಳು. "ಕಾಡಿಗೆ ಹೋದ. ಸಿಕ್ಕಿದ್ರೆ ಪಾತ್ರೆ ತೊಳೆಯೋ ಮೆಷಿನ್ನು ಸೋರ್ತಿದೆ ಅಂತ ಹೇಳಿ."

ಎರಡನೆಯವನು ಪಿಸುಗುಟ್ಟಿದ. "ಶ್! ಮೆಲ್ಲಗೆ ಮಾತಾಡೋ, ಜಿಂಕೆ ಬರ್ತಿದೆ."

"ಬೇಟೆ ಶುರುವಾಗೋದು ನಾಳೆ ಕಣೋ ಮುಠ್ಠಾಳ" ಎಂದ ರಸ್.

"ಅಭ್ಯಾಸ ಮಾಡ್ಕೋತಿದೀನಿ ಮಾರಾಯಾ. ನಾಳೆ ಬರಲ್ಲ."

ಏಳನೆಯವನು ಕಾಡಿನ ದಾರಿಯ ಸೇತುವೆಯ ಮೇಲಿದ್ದ, ಹನ್ನೊಂದನೆಯವನು ಆಗಲೇ ಕುಡಿದಿದ್ದ. ಬೀಟ್ರೂಟಿನವಳು ತನಗೆ ನಾಳೆ ಸೊಂಟ ನೋವು ಬರಲಿದೆ ಎಂದಳು. ಹದಿನೈದನೆಯ ಹೆಸರು ಬರ್ನೀಸಳದೇ.

"ನೀನು ಬರ್ತೀಯಾ?"

"ಇಲ್ಲಪ್ಪ, ಬೇಟೆಗೆ ಹೋಗ್ಬೇಕು."

"ಮತ್ತೆ ಇಲ್ಲೇ ಕೂತಿದೀಯ?"

"ನೀನು ಬೇಗ ಮುಗಿಸಿದ್ರೆ ತಾನೇ ನಾನು ಏಳೋದು."

ಮೂರೂ ಮುಕ್ಕಾಲಕ್ಕೆ ಇಪ್ಪತ್ತು ಹೆಸರು ಮುಗಿದವು. ರಸ್ ಎಲ್ಮರನ ನಂಬರ್ ಒತ್ತಿದ. ಆ ಕಡೆ ಫೋನು ರಿಂಗಾಯಿತು. ನಾಲ್ಕು ಸಲ, ಐದು, ಆರು. ಬರ್ನೀಸ್ ಮೇಜಿನ ಕೆಳಗೆ ಬೆರಳು ಮಡಿಸಿ ಹಿಡಿದಿದ್ದಳು. ಹತ್ತು, ಹನ್ನೆರಡು. ಯಾರೂ ಎತ್ತಲಿಲ್ಲ. ಆಸಾಮಿ ಕೈಯನ್ನು ಎಲ್ಲೋ ಕಟ್ಟಿಹಾಕಿಕೊಂಡಿದ್ದಾನೆ, ದೇವರು ದೊಡ್ಡವನು ಎಂದುಕೊಂಡಳು.

"ಎತ್ತಲಿಲ್ಲ. ಕಥೆ ಮುಗೀತು" ಎಂದ ರಸ್. "ಆ ಟೆಂಪರರಿ ಹುಡುಗಿಗೆ ಮಾಡ್ತೀನಿ. ನಂಬರ್ ಹೇಳು."

ಬರ್ನೀಸ್ ಬಾಯಿ ತೆರೆದಳು, ನಂಬರ್ ಹೊರಬರಲಿಲ್ಲ. ಫೋನು ಎತ್ತದವನಿಗೆ ಹತ್ತು ನಿಮಿಷ ಬಿಟ್ಟು ಎರಡನೇ ಸಲ ಮಾಡಬೇಕು ಎಂದು ಒಪ್ಪಂದದಲ್ಲಿತ್ತು. ಹಿಂದೆ ಫೋರ್‌ಮನ್‌ಗಳು ಎರಡು ರಿಂಗಾದ ಕೂಡಲೇ ಇಟ್ಟು, 'ಎತ್ತಲಿಲ್ಲ' ಎಂದು ಬರೆದು, ಓಟಿಯನ್ನು ತಮ್ಮ ನೆಂಟರಿಗೆ ಹಂಚುತ್ತಿದ್ದರು. ಅದನ್ನು ನಿಲ್ಲಿಸಲು ಹದಿನಾರು ವರ್ಷದ ಹಿಂದೆ ಕಂಪನಿಯೊಡನೆ ಜಗಳಾಡಿ ಆ ಸಾಲನ್ನು ಬರೆಸಿದವಳು ಬೇರೆ ಯಾರೂ ಅಲ್ಲ, ಇದೇ ಬರ್ನೀಸ್. ಈಗ ಸುಮ್ಮನಿದ್ದುಬಿಟ್ಟರೆ? ಸೋಮವಾರ ಡ್ವೈಟ್ ಬಂದು ಪಟ್ಟಿಯನ್ನು ಹೇನು ಹೆಕ್ಕಿದ ಹಾಗೆ ನೋಡುತ್ತಾನೆ. ಒಂದು ಕರೆ ಕಡಿಮೆ ಇದ್ದರೂ ಮೊನೀಕಳ ಶುಕ್ರವಾರ ಅಸಿಂಧು. ಮಾತಾಡಿದರೆ ಎಲ್ಮರ್, ಸುಮ್ಮನಿದ್ದರೆ ಡ್ವೈಟ್. ಅತ್ತ ದರಿ, ಇತ್ತ ಪುಲಿ. ತಾನು ಹೆಣೆದ ಬಲೆಯಲ್ಲಿ ತಾನೇ ಕಾಲು ಇಟ್ಟಂತಾಯಿತಲ್ಲ ಎಂದು ಅವಳಿಗೆ ಅಳು ಬರುವಂತಾಯಿತು.

"ಹತ್ತು ನಿಮಿಷ ಕಾಯಿ" ಎಂದಳು. "ಆಮೇಲೆ ಇನ್ನೊಂದು ಸಲ ಮಾಡು."

"ನಿನಗೇನು ತಲೆ ಕೆಟ್ಟಿದೆಯಾ? ಕತ್ತಲಾಗೋದ್ರೊಳಗೆ ನಾನು ಕಾಡು ಸೇರ್ಬೇಕು!"

"ನಿಯಮ ಕಣೋ ರಸ್."

"ಯಾವ ದರಿದ್ರದೋರು ಬರೆದ್ರೋ ಆ ನಿಯಮಾನ!"

"ಯಾವಳೋ ಮುದುಕಿ" ಎಂದಳು ಬರ್ನೀಸ್.

ಹತ್ತು ನಿಮಿಷ ಇಬ್ಬರೂ ಗಡಿಯಾರ ನೋಡುತ್ತ ಕೂತರು. ಹನ್ನೊಂದನೇ ನಿಮಿಷಕ್ಕೆ ಎಲ್ಮರ್ ಮೊದಲ ರಿಂಗಿಗೇ ಎತ್ತಿದ.

"ರಸ್ಸಾ? ಆಗಲೇ ರಿಂಗಾಯ್ತು. ನೆಲಮಾಳಿಗೆಯಲ್ಲಿದ್ದೆ, ಮೆಟ್ಟಿಲು ಹತ್ತೋಷ್ಟರಲ್ಲಿ ನಿಂತೋಯ್ತು. ಓಟಿ ತಾನೇ?"

ಬರ್ನೀಸ್ ಕಣ್ಣು ಮುಚ್ಚಿಕೊಂಡಳು.

"ಓಟಿ. ನಾಳೆ, ಪ್ರೆಸ್ಸಿಗೆ. ಬರ್ತೀಯೋ ಇಲ್ವೋ ಬೇಗ ಹೇಳು" ಎಂದ ರಸ್.

"ಡಬಲ್ಲಾ?"

"ಡಬಲ್."

"ಗಂಟೆಗೆ ಅರವತ್ತೆಂಟು." ಎಲ್ಮರನ ದನಿಯಲ್ಲಿ ತುಪ್ಪ ಸುರಿಯಿತು. "ಅಲ್ಲಾ, ಸುಮ್ಮನೆ ಕೇಳ್ತೀನಿ, ನಾನು ಬರದಿದ್ರೆ ಯಾರು?"

"ಆ ಟೆಂಪರರಿ ಹುಡುಗಿ."

"ಅವಳಿಗೂ ಡಬಲ್ಲಾ?"

"ಟೆಂಪರರಿಗಳಿಗೆ ಎಲ್ಲಿಯ ಡಬಲ್? ಯಾವತ್ತಿನ ಹಾಗೆ ಹದಿನೇಳು."

ಆ ಕಡೆ ಎಲ್ಮರ್ ಲೆಕ್ಕ ಹಾಕುವುದು ಕೇಳಿಸಿತು. ಅವನು ಲೆಕ್ಕ ಹಾಕುವಾಗ ಮೂಗಿನಲ್ಲಿ ಗುನುಗುತ್ತಾನೆ. "ಅಂದ್ರೆ ನಾನೊಬ್ಬನಿಗೆ ಕೊಡೋ ದುಡ್ಡಲ್ಲಿ ಅವಳಂಥೋರು ನಾಲ್ಕು ಜನ. ಬೇರಿಂಗ್ ಅದೇ ತಾನೇ?"

"ಅದೇ ಬೇರಿಂಗ್, ಅದೇ ಪ್ರೆಸ್ಸು! ಮ್ಯಾನೇಜರ್ರೂ ನಿನ್ನೆ ಅದನ್ನೇ ಹೇಳಿದ್ರು, ಆ ದುಬಾರಿ ಮುದುಕ ಯಾಕೆ, ನೇರವಾಗಿ ಹುಡುಗೀನೇ ಕರೀಬಾರ್ದಾ ಅಂತ. ನಿಮ್ಮ ಒಪ್ಪಂದದ ಕರ್ಮ, ನಿನ್ನ ಕೇಳ್ಬೇಕಾಗಿದೆ. ಬಾಯಿ ಬಿಡು, ಬರ್ತೀಯಾ?"

ಅವಸರದವನ ಬಾಯಿಗೆ ಬೀಗವಿಲ್ಲ. ಫೋನಿನಲ್ಲಿ ಗುನುಗು ನಿಂತಿತು.

"ಏನಂದ್ರು ಮ್ಯಾನೇಜರ್ರು?"

"ಅಯ್ಯೋ, ತಮಾಷೆಗೆ ಅಂದಿದ್ದು."

"ದುಬಾರಿ ಮುದುಕ." ಎಲ್ಮರ್ ಆ ಮಾತನ್ನು ಹುಳಿ ಹಣ್ಣಿನಂತೆ ಬಾಯಲ್ಲಿ ಇಟ್ಟುಕೊಂಡ. "ನಾನು ದುಬಾರಿ ಅಲ್ಲ ರಸ್. ಅವಳನ್ನ ನೀವು ಅಗ್ಗ ಮಾಡಿದೀರಿ, ಅದಕ್ಕೇ ನಾನು ದುಬಾರಿ ಕಾಣ್ತೀನಿ. ಪಕ್ಕದ ಅಂಗಡೀಲಿ ಅದೇ ಮಾಲು ಕಾಲು ಬೆಲೆಗೆ ಸಿಗೋವಾಗ ನನ್ನನ್ನ ಎಷ್ಟು ದಿನ ಕೊಳ್ತೀರಿ? ಇವತ್ತು ತಮಾಷೆ, ನಾಳೆ ಬಾಗಿಲು."

"ಈಗ ಬರ್ತೀಯೋ ಇಲ್ವೋ?"

ಆ ಕಡೆ ಎಲ್ಮರ್ ಎರಡು ಸಲ ಕೆಮ್ಮಿದ, ಮೂರನೇ ಸಲ ಗಂಟಲು ಸರಿಮಾಡಿಕೊಂಡ. ಹೊಸ ಮಾತು, ನಾಲಿಗೆಗೆ ಒಗ್ಗಬೇಕಲ್ಲ.

"ಬರೋದಿಲ್ಲ" ಎಂದ. "ಬರ್ಕೋ. ಆ ಹುಡುಗಿ ಮೊದ್ಲು ನನ್ನಷ್ಟೇ ದುಬಾರಿ ಆಗ್ಲಿ. ಅಲ್ಲಿ ಬರ್ನೀಸ್ ಇದ್ರೆ ಹೇಳು, ಇದೇನು ಅವಳ ಮೇಲಿನ ಪ್ರೀತಿಗಲ್ಲ, ನನ್ನ ರೇಟಿಗೆ."

ಫೋನು ಇಟ್ಟ. ರಸ್ ಪೆನ್ನು ಹಿಡಿದು ಹಾಗೇ ಕೂತಿದ್ದ. ಮೂವತ್ತೊಂದು ವರ್ಷದಲ್ಲಿ ಆ ಹೆಸರಿನ ಮುಂದೆ ಆ ಮಾತು ಬರೆಯುವ ಪ್ರಸಂಗ ಬಂದಿರಲಿಲ್ಲ. ಬರ್ನೀಸಳಿಗೆ ಕುಣಿಯಬೇಕೆನ್ನಿಸಿತು, ಆದರೆ ಸಾಕ್ಷಿಗಳು ಕುಣಿಯುವಂತಿಲ್ಲ. ಎರಡನೇ ಕರೆಯ ಗಳಿಗೆ ಬರೆಸಿ, ಗಂಭೀರವಾಗಿ ರುಜು ಹಾಕಿದಳು.

ಮೊನೀಕಳಿಗೆ ಫೋನು ಹೋಯಿತು. ರಸ್ "ನಾಳೆ" ಎನ್ನುವಷ್ಟರಲ್ಲಿ ಅವಳು "ಬರ್ತೀನಿ" ಎಂದುಬಿಟ್ಟಳು. ಟೆಂಪರರಿಗಳ ಫೋನು ಯಾವಾಗಲೂ ಹಾಗೆಯೇ. ಕರೆದಾಗ ಒಲ್ಲೆ ಎಂದವರನ್ನು ಮತ್ತೆ ಕರೆಯುವ ಪದ್ಧತಿ ಇಲ್ಲ.

ಶುಕ್ರವಾರ ಬೆಳಿಗ್ಗೆ ಆರೂವರೆಗೆ, ಖಾಲಿ ಬಿದ್ದಿದ್ದ ಆ ದೊಡ್ಡ ಕಾರ್ಖಾನೆಗೆ ಮೊನೀಕ್ ಬಂದು ಪಂಚ್ ಮಾಡಿ, ಸಂಜೆಯೊಳಗೆ ಇನ್ನೂರು ಆಕ್ಸಲ್ಲಿಗೂ ಬೇರಿಂಗ್ ಕೂರಿಸಿದಳು.

ಸೋಮವಾರ ಡ್ವೈಟ್ ಕಾಡಿನಿಂದ ಬಂದ. ಜಿಂಕೆ ಸಿಕ್ಕಿರಲಿಲ್ಲ, ನೆಗಡಿ ಸಿಕ್ಕಿತ್ತು. ಎಂಟನೇ ಲೋಟವನ್ನು ಮೇಜಿನ ಮೇಲೆ ಸಿದ್ಧವಾಗಿಟ್ಟುಕೊಂಡು ಕಂಪ್ಯೂಟರ್ ತೆರೆದು ನೋಡುತ್ತಾನೆ, ಟಾಲಿವರ್ ಹೆಸರಿನ ಮುಂದೆ ನೂರಿಪ್ಪತ್ತು.

"ಯಾವ ಮನುಷ್ಯ ನವೆಂಬರ್ ಹದಿನೈದಕ್ಕೆ ಕೆಲಸ ಮಾಡ್ತಾನೆ!" ಎಂದು ಅವನು ಕೂಗಿದ್ದು ಪ್ರೆಸ್ಸಿನ ಸದ್ದನ್ನೂ ಮೀರಿ ಕೇಳಿಸಿತು.

ಪಟ್ಟಿ ತರಿಸಿದ. ಒಂದೊಂದು ಸಾಲಿನ ಮೇಲೂ ಬೆರಳಾಡಿಸಿದ. ಕೊನೆಯ ಹೆಸರಿಗೆ ಬಂದಾಗ ಅವನ ಮುಖ ಅರಳಿತು. "ಇಲ್ಲಿ! ಎತ್ತಲಿಲ್ಲ ಅಂತ ಬರೆದಿದೆ! ಎರಡನೇ ಸಲ ಮಾಡದೆ ಆ ಹುಡುಗೀನ ಕರೆದಿದೀರಿ, ಅಲ್ವಾ? ಅಲ್ಲಿಗೆ ಆ ದಿನ ಲೆಕ್ಕಕ್ಕಿಲ್ಲ."

"ಕೆಳಗಿನ ಸಾಲು ಓದಿ ಸಾರ್" ಎಂದಳು ಬರ್ನೀಸ್.

ಅವನು ಓದಿದ. ಹಾಳೆ ತಿರುಗಿಸಿ ಹಿಂದೆಯೂ ನೋಡಿದ. ಎಲ್ಮರ್ ಓಟಿ ಬೇಡ ಅಂದನೆಂದರೆ ಅದು ಖಂಡಿತ ಸುಳ್ಳು ದಾಖಲೆ ಎಂದು ಎಲ್ಮರನನ್ನೇ ಕರೆಸಿದ. ಎಲ್ಮರ್ ಕೈ ಒರೆಸಿಕೊಳ್ಳುತ್ತ ಬಂದು, "ಅಂದೆ. ಎರಡು ರಾತ್ರಿ ನಿದ್ದೆ ಬರಲಿಲ್ಲ, ಆದ್ರೂ ಅಂದೆ" ಎಂದು ಹೇಳಿ ಹೊರಟುಹೋದ. ಡ್ವೈಟ್ ಮೂಗು ಒರೆಸಿಕೊಂಡು ಕಾಯಂ ಪತ್ರಕ್ಕೆ ರುಜು ಹಾಕಿದ. ಅರ್ಧ ಗಂಟೆಯ ಮೇಲೆ ಟೆಕ್ಸಸ್ಸಿನವನ ಕೋಣೆಯಿಂದ ಅವನಿಗೆ ಕರೆ ಬಂತು, ಅಲ್ಲಿ ಏನು ನಡೆಯಿತೋ ನಮಗೆ ಬೇಡ.

ಆ ವಾರದ ಶುಕ್ರವಾರ ಮಧ್ಯಾಹ್ನ ರಸ್ ಮತ್ತೆ ಫೋನಿನ ಮುಂದೆ ಕೂತ, ಎದುರಿಗೆ ಬರ್ನೀಸ್. ಶನಿವಾರದ ಓಟಿ. ಪಟ್ಟಿಯಲ್ಲೀಗ ಇಪ್ಪತ್ತೆರಡು ಹೆಸರು. ಕಾಯಂ ಆದ ಮೇಲೆ ಒಂದು ಗಂಟೆಯೂ ಓಟಿ ಮಾಡಿರದ ಮೊನೀಕ್ ಟಾಲಿವರ್ ಎಲ್ಲರಿಗಿಂತ ಮೇಲೆ.

"ಮೊನೀಕ್, ನಾಳೆ ಓಟಿ ಇದೆ. ಮೂವತ್ತನಾಲ್ಕರ ಒಂದೂವರೆಯಷ್ಟು. ಬರ್ತೀಯಾ?"

ಹಿಂದಿನಿಂದ ಟಿವಿಯ ಸದ್ದು, ಮಕ್ಕಳ ಗಲಾಟೆ ಕೇಳುತ್ತಿತ್ತು.

"ಸಾರ್, ಒಂದು ಕೇಳ್ಲಾ? ಬರಲ್ಲ ಅಂದ್ರೆ ಏನಾಗುತ್ತೆ?"

"ಏನೂ ಆಗಲ್ಲ. ಮುಂದಿನ ಹೆಸರಿಗೆ ಹೋಗ್ತೀನಿ."

"ಕೆಲಸ?"

"ಕೆಲಸಕ್ಕೇನು? ಸೋಮವಾರ ಬಾ."

"ಏನೂ ಆಗಲ್ಲ?"

"ಏನೂ ಆಗಲ್ಲ ಮಾರಾಯ್ತಿ!"

ಆಮೇಲೆ ಮೊನೀಕ್ ಟಾಲಿವರ್, ನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ, ನಿಧಾನವಾಗಿ, ಪ್ರತಿ ಅಕ್ಷರವನ್ನೂ ಬಿಡಿಸಿ ಹೇಳಿದಳು.

"ಬರೋದಿಲ್ಲ."

ರಸ್ ಬರೆದುಕೊಳ್ಳಲು ಪೆನ್ನು ತೆಗೆದ.

"ಸಾರ್, ಬರೀಬೇಡಿ, ಸ್ವಲ್ಪ ತಡೀರಿ" ಎಂದಳು ಮೊನೀಕ್. ಅವಳ ದನಿಯಲ್ಲಿದ್ದದ್ದು ನಗುವೋ ಅಳುವೋ ತಿಳಿಯುವಂತಿರಲಿಲ್ಲ. "ಇನ್ನೊಂದು ಸಲ ಕೇಳಿ. ಮಕ್ಕಳು ಟಿವಿ ಆಫ್ ಮಾಡ್ಲಿ."

ರಸ್ ಬರ್ನೀಸಳ ಮುಖ ನೋಡಿದ. ಸಾಕ್ಷಿ ನಡುವೆ ಬಾಯಿ ಹಾಕಕೂಡದು, ಅವಳು ಹಾಕಲೂ ಇಲ್ಲ. ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತಿದ್ದಳು. ಹನ್ನೆರಡು ವರ್ಷದ ಹಿಂದೆ ಕೈ ಎತ್ತಿ ತಾನು ಕಿತ್ತುಕೊಂಡದ್ದು ಬರೀ ಹದಿನೇಳು ಡಾಲರಲ್ಲ ಎಂಬುದು ಅವಳಿಗೆ ಆಗ ಗೊತ್ತಾಯಿತು.

ಫೋನಿನಲ್ಲಿ ಟಿವಿಯ ಸದ್ದು ನಿಂತಿತು. ರಸ್ ಗಂಟಲು ಸರಿಮಾಡಿಕೊಂಡು, ಎರಡನೇ ಸಲ ಕೇಳಿದ.